ದೂರಿದ್ದರೆ ಮೂರು ಒತ್ತಿ

ಹೊಲಿಗೆ ಮಷಿನ್ ರಿಪೇರಿ ಮಾಡುವ ಅವರನ್ನು ಬೀದಿಯವರೆಲ್ಲ ಎಣ್ಣೆ ಮೇಷ್ಟ್ರು ಅನ್ನುತ್ತಿದ್ದರು. ಹೊಸಬರು ಈ ಹೆಸರು ಕೇಳಿ ಮನಸ್ಸಿನಲ್ಲೇ ಏನೇನೋ ಊಹಿಸಿಕೊಳ್ಳುತ್ತಿದ್ದರು. ಪಾಪ, ಅವರು ಆ ಎಣ್ಣೆಯನ್ನು ಮೂಸಿ ಕೂಡ ನೋಡಿದವರಲ್ಲ. ದಾರ ಕಡಿಯಲಿ, ಸೂಜಿ ಮುರಿಯಲಿ, ಚಕ್ರ ಬಿಗಿದುಕೊಳ್ಳಲಿ, ಅವರ ಮೊದಲ ಮದ್ದು "ಎಣ್ಣೆ ಬಿಡಿ." ಎರಡನೆಯದು "ನಾಳೆ ಬನ್ನಿ." ಕೈಗುಣ ಒಳ್ಳೆಯದು, ಬಾಯಿಯ ಗುಣ ಅಷ್ಟಕ್ಕಷ್ಟೆ. ಫೋನ್ ಬಡಿದುಕೊಂಡರೆ ಜಿಡ್ಡುಗೈಯನ್ನು ಅಂಗಿಗೆ ಒರೆಸಿಕೊಂಡು ಎತ್ತಿ, ಆ ಕಡೆಯವರು ಬಾಯಿ ಬಿಡುವ ಮೊದಲೇ "ನಾಳೆ" ಎಂದು ಇಟ್ಟುಬಿಡುತ್ತಿದ್ದರು.

ಹೀಗಿರುವಾಗ ಒಮ್ಮೆ ಹೆಂಡತಿಯ ಅಣ್ಣನ ಆಫೀಸಿಗೆ ಫೋನ್ ಮಾಡಬೇಕಾಯಿತು. ಭಾವನದು ಲಾರಿ ಕಂಪನಿ. ಮೊದಲು ಒಂದು ಹೆಣ್ಣುದನಿ "ನಿಮ್ಮ ಕರೆ ನಮಗೆ ಅಮೂಲ್ಯ" ಅಂದಿತು. ಒಂದು ಒತ್ತಿ, ಎರಡು ಒತ್ತಿ ಅಂದಿತು. ಆಮೇಲೆ ಬರೀ ಸಂಗೀತ. ಒಂದು ಮಷಿನ್ನನ್ನು ಪೂರ್ತಿ ಬಿಚ್ಚಿ ಜೋಡಿಸುವಷ್ಟು ಹೊತ್ತು ಮೇಷ್ಟ್ರು ಅದನ್ನು ಕೇಳಿದರು. ಬೇರೆ ಯಾರಿಗಾದರೂ ಮೈ ಉರಿಯುತ್ತಿತ್ತು. ಮೇಷ್ಟ್ರಿಗೆ ಗೌರವ ಹುಟ್ಟಿತು. ಜನರನ್ನು ತಾವೂ ಕಾಯಿಸುತ್ತಾರೆ, ಆದರೆ ಬೈಸಿಕೊಂಡು. ಭಾವ ಕಾಯಿಸುವುದು ಮರ್ಯಾದೆಯಿಂದ. ದೊಡ್ಡಸ್ತಿಕೆ ಅಂದರೆ ಇದು ಎಂದುಕೊಂಡರು.

ಇಂಥದ್ದೇ ಏರ್ಪಾಡಿನ ಸಾಫ್ಟ್‌ವೇರನ್ನು ಯಾರ್‍ಯಾರೋ ಸೇರಿ ಬರೆದು, ಬೇಕಾದವರು ಬಳಸಿಕೊಳ್ಳಿ ಎಂದು ಬಿಟ್ಟಿಯಾಗಿ ಬಿಟ್ಟಿದ್ದಾರೆಂದು ಅವರಿಗೆ ಗೊತ್ತಾದದ್ದು ವಿಡಿಯೊ ನೋಡಿ. ಅದನ್ನು ನಡೆಸುವುದಕ್ಕೆ ಸೋಪಿನ ಡಬ್ಬಿಯಷ್ಟು ಕಂಪ್ಯೂಟರ್ ಸಾಕಂತೆ. ಅದಕ್ಕೆ ಬೇಕಾದ ಕರೆಂಟು ಸಣ್ಣ ಬಲ್ಬಿಗೆ ಬೇಕಾದಷ್ಟೇ ಅಂತೆ.

"ಪುಕ್ಸಟ್ಟೆ ಅಂದ್ರೆ ನಂಗೂ ಇರ್ಲಿ, ನಮ್ಮಪ್ಪಂಗೂ ಇರ್ಲಿ," ಎಂದಳು ಹೆಂಡತಿ. "ಇರೋ ಒಂದು ಫೋನ್ ಎತ್ತೋಕೇ ನಿಮಗೆ ಪುರುಸೊತ್ತಿಲ್ಲ."

"ಇದು ಎತ್ತೋಕಲ್ಲ ಕಣೇ. ಎತ್ತದೇ ಇರೋಕೆ."

ಸಾಫ್ಟ್‌ವೇರನ್ನು ಮೆಮೊರಿ ಕಾರ್ಡಿಗೆ ಇಳಿಸಿದರು, ಕಾರ್ಡನ್ನು ಹೊಸದಾಗಿ ಕೊಂಡು ತಂದ ಆ ಡಬ್ಬಿಗೆ ತೂರಿಸಿದರು. ದೀಪ ಮಿಣುಕಲಿಲ್ಲ. ಇಳಿಸಿದ್ದು ಬೇರೆ ಮಾಡೆಲ್ಲಿಗೆ ಬರೆದದ್ದಂತೆ. ಮತ್ತೆ ಇಳಿಸಿದರು. ಹಸಿರು ದೀಪ ಮಿಣುಕಿದಾಗ ಹೆರಿಗೆ ಕೋಣೆಯ ಹೊರಗೆ ನಿಂತ ಗಂಡಸಿನ ಹಾಗೆ ಬೆವರು ಒರೆಸಿಕೊಂಡರು. ಆಮೇಲೆ ಮೂರು ಫೋನ್ ಜೋಡಿಸಿದರು: ರಿಪೇರಿಗೆ ಒಂದು ಒತ್ತಿದರೆ ಅವರ ಕೆಲಸದ ಮೇಜು, ಬಿಡಿಭಾಗಕ್ಕೆ ಎರಡು ಒತ್ತಿದರೆ ಮುಂದಿನ ಕೌಂಟರು. ಅಲ್ಲಿ ಇರುವವರೂ ಅವರೇ. ದೊಡ್ಡ ಕಂಪನಿ ಅಂದಮೇಲೆ ದೂರಿಗೊಂದು ವಿಭಾಗ ಬೇಡವೇ? ಅದನ್ನು ಮಹಡಿಯ ಅಡುಗೆಮನೆಗೆ ಹಾಕಿದರು. ಪಾತ್ರೆಗಳ ಸದ್ದಿನಲ್ಲಿ ಯಾರ ದೂರೂ ಕೇಳಿಸುವುದಿಲ್ಲ ಎಂಬ ಧೈರ್ಯ.

ದನಿ ಹೆಂಡತಿಯದು. "ದೂರುಗಳ ನಿವಾರಣೆಗಾಗಿ ದಯಮಾಡಿ ಮೂರನ್ನು ಅದುಮಿರಿ" ಎಂದು ಮೇಷ್ಟ್ರು ಬರೆದುಕೊಟ್ಟರು. ಆಕೆ ಚೀಟಿಯನ್ನು ಪಕ್ಕಕ್ಕಿಟ್ಟು, "ಏನಾದ್ರೂ ದೂರಿದ್ರೆ ಮೂರು ಒತ್ತಿ," ಎಂದು ಸಲೀಸಾಗಿ ಹೇಳಿ ಒಲೆಯ ಕಡೆ ಹೋದಳು.

ಮೊದಲ ದಿನ ಮೇಷ್ಟ್ರು ಹಲೋ ಹಲೋ ಎಂದು ಗಂಟಲು ಹರಿದುಕೊಂಡರು. ಆ ಕಡೆಯಿಂದ ಉಸಿರಿಲ್ಲ. ಸಂಜೆ ಗಿರಾಕಿಯೇ ಅಂಗಡಿಗೆ ಬಂದು, "ನೀವು ಕೂಗಿದ್ದೆಲ್ಲ ನಂಗೆ ಕೇಳಿಸ್ತು. ನಾ ಹೇಳಿದ್ದು ನಿಮಗೆ ಕೇಳಿಸ್ಲಿಲ್ವಾ?" ಎಂದ. ಕರೆಗಳು ಬಂದುಹೋಗುವ ಇಂಟರ್ನೆಟ್ ಪೆಟ್ಟಿಗೆಯಲ್ಲಿ ಏನೋ ಒಂದು ದಾರಿ ಮುಚ್ಚಿಕೊಂಡಿತ್ತು.

"ನಿಮ್ಮ ಮಾತು ಎಲ್ರಿಗೂ ಕೇಳುತ್ತೆ, ಬೇರೆಯವ್ರ ಮಾತು ನಿಮಗೆ ಕೇಳಲ್ಲ," ಎಂದಳು ಹೆಂಡತಿ. "ಅದೇನೂ ಕೆಟ್ಟಿಲ್ಲ ರೀ. ನಿಮ್ಮನ್ನ ನೋಡಿ ಕಲ್ತಿದೆ ಅಷ್ಟೆ."

ಅದು ಸರಿಹೋಯಿತು ಅನ್ನುವಷ್ಟರಲ್ಲಿ ಗಡಿಯಾರದ ರಗಳೆ. ಡಬ್ಬಿ ಯಾವುದೋ ದೂರದ ದೇಶದ ಹೊತ್ತನ್ನು ನಂಬಿಕೊಂಡು, ನಡು ಮಧ್ಯಾಹ್ನ "ಅಂಗಡಿ ಮುಚ್ಚಿದೆ, ನಾಳೆ ಬನ್ನಿ" ಎನ್ನತೊಡಗಿತು. ಹಲವು ದಿನ ಇದು ಯಾರ ಗಮನಕ್ಕೂ ಬರಲಿಲ್ಲ. ಆ ನಂಬರಿನಿಂದ ಜನ ಕೇಳಿಕೊಂಡು ಬಂದಿದ್ದೇ ಅದು.

ಎಲ್ಲ ಸರಿಯಾದ ಮೇಲೆ ಎಡವಟ್ಟು ಶುರುವಾಯಿತು. ಒಂದು ಒತ್ತಿದರೆ ಸಂಗೀತ, ಎರಡು ಒತ್ತಿದರೂ ಸಂಗೀತ. ಮೂರು ಒತ್ತಿದರೆ ಯಾರೋ ಎತ್ತುತ್ತಾರೆ. ಇದನ್ನು ಮೊದಲು ಕಂಡುಹಿಡಿದವಳು ಶಾಲೆಯ ಯೂನಿಫಾರ್ಮ್ ಹೊಲಿಯುವ ಒಬ್ಬ ಟೈಲರ್.

"ದೂರು ವಿಭಾಗನಾ?"

"ಹೂಂ, ಹೇಳಿ."

"ನನ್ ಮಷಿನ್ ಕೊಟ್ಟು ಎಷ್ಟು ದಿನ ಆಯ್ತು..."

"ಹಸಿರು ಕವರಿಂದಾ? ತಡೀರಿ." ಹೆಂಡತಿ ಮೆಟ್ಟಿಲಿನಿಂದ ಬಗ್ಗಿ ನೋಡಿ ಬಂದಳು. "ಅದನ್ನ ಇನ್ನೂ ಮುಟ್ಟೇ ಇಲ್ಲಮ್ಮ. ನಾಳೆ ಅಂದಿದ್ರಾ? ಆಗಲ್ಲ. ಗುರುವಾರ ಬನ್ನಿ, ನಾನು ಮಾಡಿಸಿಡ್ತೀನಿ."

ಆ ಅಂಗಡಿಯಿಂದ ನಿಜ ಹೊರಬಿದ್ದದ್ದು ಅದೇ ಮೊದಲು. ಟೈಲರ್ ಅದನ್ನು ತನ್ನ ಗೆಳತಿಯರಿಗೆಲ್ಲ ಹೇಳಿದಳು.

"ನನ್ನ ಕೇಳದೆ ನೀನ್ಯಾಕೆ ಮಾತು ಕೊಟ್ಟೆ?" ಮೇಷ್ಟ್ರು ಮುಖ ಊದಿಸಿಕೊಂಡರು.

"ದೂರು ವಿಭಾಗ ಅಂತ ಕೂರಿಸಿದ್ದು ಯಾರು? ಗುರುವಾರಕ್ಕೆ ಹಸಿರು ಕವರು. ಮರೀಬೇಡಿ."

ಬರಬರುತ್ತ ದೂರಿಲ್ಲದವರೂ ಮೂರನ್ನೇ ಒತ್ತಿದರು. ಸೂಜಿ ಬೇಕಾದವರು, ಬೆಲ್ಟು ಬೇಕಾದವರು, ಅಳಿಯನ ಮೇಲೆ ಸಿಟ್ಟು ಬಂದವರು. ಮೇಷ್ಟ್ರಿಗೆ ಬೇಕಿದ್ದ ನೆಮ್ಮದಿ ಸಿಕ್ಕಿತು: ಹೊರಗಿನವರ ಫೋನ್ ಒಂದೂ ಮೇಜಿಗೆ ಬರುತ್ತಿರಲಿಲ್ಲ. ಬರುತ್ತಿದ್ದುದು ಅಡುಗೆಮನೆಯಿಂದ, ಅಪ್ಪಣೆಗಳು. ಅವನ್ನು ಎತ್ತದೆ ವಿಧಿಯಿರಲಿಲ್ಲ. ಎತ್ತದಿದ್ದರೆ ಆಕೆಯೇ ಇಳಿದು ಬರುತ್ತಿದ್ದಳು.

ಒಂದು ಬೆಳಿಗ್ಗೆ ಮೇಜಿನ ಫೋನಿನಲ್ಲಿ ಭಾವನ ನಂಬರು ಮಿನುಗಿತು. ಮೇಷ್ಟ್ರು ಸ್ಕ್ರೂಡ್ರೈವರ್ ಕೆಳಗಿಟ್ಟು ಕೈಕಟ್ಟಿ ಕೂತರು. ಕೇಳಲಿ, ಚೆನ್ನಾಗಿ ಸಂಗೀತ ಕೇಳಲಿ. ಹೊಟ್ಟೆ ತಣ್ಣಗಾಯಿತು. ಆದರೆ ಫೋನ್ ಬೇಗನೆ ಸುಮ್ಮನಾಯಿತು; ಭಾವ ಒಂದನ್ನು ಬಿಟ್ಟು ಮೂರು ಒತ್ತಿದ್ದರು. ಮೇಲಿನಿಂದ ಹೆಂಡತಿಯ ನಗು ಕೇಳಿಸಿತು. ಅಣ್ಣ ತಂಗಿ ಬಹಳ ಹೊತ್ತು ಮಾತಾಡಿದರು. ಆಮೇಲೆ ಒಳಫೋನ್ ಬಡಿದುಕೊಂಡಿತು.

"ಅಣ್ಣನ ಟಾರ್ಪಾಲ್ ಹೊಲಿಯೋ ಮಷಿನ್ ಶನಿವಾರ ಬರುತ್ತೆ. ನಮ್ಮ ಫೋನಿನ ಏರ್ಪಾಡು ನೋಡಿ ದಂಗಾಗಿಬಿಟ್ಟಿದಾನೆ."

ಮೇಷ್ಟ್ರು ಬೆನ್ನು ನೆಟ್ಟಗೆ ಮಾಡಿಕೊಂಡರು. "ಹೌದಾ? ಏನಂದ್ರು?"

"ಫೋನ್ ಮಾಡಿದ ತಕ್ಷಣ ಮನುಷ್ಯರು ಎತ್ತಿ ಮಾತಾಡ್ತಾರಲ್ಲ, ಅದು ಯಾವ ಸಾಫ್ಟ್‌ವೇರ್ ಅಂತ ನಿಮ್ಮನ್ನ ಕೇಳಿ ಹೇಳೋಕೆ ಹೇಳ್ದ. ಅವನ ಆಫೀಸಲ್ಲಿ ಅದು ಎಷ್ಟು ಮಾಡಿದ್ರೂ ಆಗ್ತಿಲ್ವಂತೆ."

ಮೇಷ್ಟ್ರು ಸ್ಕ್ರೂಡ್ರೈವರನ್ನು ಮತ್ತೆ ಕೈಗೆತ್ತಿಕೊಂಡರು. "ಸ್ವಲ್ಪ ಕಷ್ಟದ ಸೆಟ್ಟಿಂಗು ಅಂತ ಹೇಳು," ಎಂದರು.

ಈಗ ಮೂರನೆಯ ಫೋನ್ ಮಹಡಿಯಿಂದ ಕೌಂಟರಿಗೆ ಇಳಿದಿದೆ, ಜೊತೆಗೆ ಹೆಂಡತಿಯೂ. ಮಧ್ಯಾಹ್ನದ ಅಡುಗೆ ಮೇಷ್ಟ್ರ ಪಾಲಿಗೆ ಬಂದಿದೆ. ಒಮ್ಮೊಮ್ಮೆ ಅನ್ನ ಸೀಯುತ್ತದೆ, ಆದರೂ ಆ ಕೆಲಸ ಅವರಿಗೆ ಹಿಡಿಸಿಬಿಟ್ಟಿದೆ. ಅಲ್ಲಿ ಫೋನಿಲ್ಲ.