ಎರಡನೆಯ ಭಾಗದಲ್ಲಿ ಯಾರೂ ಹೆದರುವುದಿಲ್ಲ

ಹೋದ ರವಿವಾರ ನಮ್ಮ ವೈನಿ ಹಳ್ಳಿಯಿಂದ ಜಮಖಂಡಿಗೆ ಬಂದು, ನಮ್ಮ ಮನೆಯ ಹಾಲ್‌ನಲ್ಲಿ ಚಹಾ ಕುಡಿಯುತ್ತ, ನಾಲ್ಕು ತಾಸು ದೆವ್ವ ನೋಡಿದರು.

ಗಾಬರಿಯಾಗಬೇಡಿ. ದೆವ್ವ ಇದ್ದದ್ದು ಲ್ಯಾಪ್‌ಟಾಪಿನಲ್ಲಿ. ವಿಡಿಯೊ ಗೇಮ್. ಕೈಯಲ್ಲಿ ಬಂದೂಕು ಇದ್ದರೂ ಗುಂಡು ಸಾಲುವುದಿಲ್ಲ, ಜೀವ ಉಳಿಸಿಕೊಂಡು ಹೊರಗೆ ಬಂದರೆ ಅದೇ ಗೆಲುವು, ಆ ಜಾತಿಯ ಹಾರರ್ ಆಟ. ನಾನು ಪಿಯು ಕಾಲೇಜಿನಲ್ಲಿ ಫಿಜಿಕ್ಸ್ ಹೇಳುವವನು, ತಲೆ ಅರ್ಧ ಬೆಳ್ಳಗಾಗಿದೆ. ಈ ವಯಸ್ಸಿನಲ್ಲಿ ಗೇಮ್ ಯಾಕೆ ಎಂದು ಕೇಳುವವರು ನನ್ನ ಹೆಂಡತಿಯ ಜೊತೆ ಸೇರಿ ಒಂದು ಸಂಘ ಕಟ್ಟಬಹುದು. ಅಧ್ಯಕ್ಷ ಸ್ಥಾನ ಮಾತ್ರ ಖಾಲಿ ಇಲ್ಲ.

ವೈನಿ ಎಂದರೆ ನನ್ನ ಅಣ್ಣನ ಹೆಂಡತಿ. ಅಣ್ಣ ತೀರಿಕೊಂಡು ನಾಲ್ಕು ವರ್ಷವಾಯಿತು. ಬೀಳಗಿ ತಾಲೂಕಿನ ಹೊಳೆದಂಡೆಯ ನಮ್ಮೂರಿನಲ್ಲಿ, ಎತ್ತರದ ಕಲ್ಲುನೆಲದ ಮಡ್ಡಿಯ ಮೇಲಿನ ಹೊಲ, ಮನೆ, ಕುರಿ ಎಲ್ಲ ಅವರದೇ ದರಬಾರು. ಹೊಲದ ಉತಾರದಲ್ಲಿ (ಪಹಣಿ ಎನ್ನಿ) ಮಾತ್ರ ಅವರ ಹೆಸರಿನ ಕೆಳಗೆ ನನ್ನ ಹೆಸರೂ ಇದೆ.

ಅಂದು ವೈನಿ ಬಂದರು, ಕಾಲು ತೊಳೆದರು, ಸೋಫಾದ ತುದಿಯಲ್ಲಿ ಕೂತರು. ಕೂತು ನನ್ನ ಮುಖವನ್ನೇ ನೋಡಿದರು. ಎಷ್ಟು ಹೊತ್ತು ಅಂತ ನೋಡಿಸಿಕೊಳ್ಳುವುದು? ನಾನು ಲ್ಯಾಪ್‌ಟಾಪ್ ತೆಗೆದೆ.

"ವೈನಿ, ನಮ್ಮ ದೆವ್ವದ ಆಟ ನೆನಪೈತೇನ್ರಿ? ಅದರ ಎರಡನೇ ಭಾಗ ಬಂದೈತ್ರಿ."

"ಹೌದ? ಹಚ್ಚು, ನೋಡೂಣು," ಎಂದರು.

ಮೊದಲ ಭಾಗದ ಕತೆ ಹೇಳದೆ ಎರಡನೆಯದನ್ನು ಬೈಯುವುದು ನ್ಯಾಯವಲ್ಲ. ಆದ್ದರಿಂದ ಸ್ವಲ್ಪ ಹಿಂದಕ್ಕೆ ಬನ್ನಿ.

ಮೊದಲ ಭಾಗವನ್ನು ನಾನು, ವೈನಿ ಆಡಿದ್ದು ನಮ್ಮ ಹಳೆಯ ಮನೆಯಲ್ಲಿ. ಆ ಮನೆ ಈಗ ನೀರಿನ ಕೆಳಗಿದೆ. ಆಲಮಟ್ಟಿಯ ಹಿನ್ನೀರು ಬರುತ್ತದೆ, ಜಾಗ ಖಾಲಿ ಮಾಡಿ ಎಂದು ನೋಟಿಸು ಬಂದ ವರ್ಷ ಅದು. ನಾನು ಎಂ.ಎಸ್ಸಿ. ಮುಗಿಸಿ ಕೆಲಸವಿಲ್ಲದೆ ಕೂತಿದ್ದೆ. ಬಾಗಲಕೋಟೆಯ ಗೆಳೆಯನೊಬ್ಬ ತನ್ನ ಹಳೆಯ ಕಂಪ್ಯೂಟರ್ ಕೊಟ್ಟಿದ್ದ. ಜೋಳದ ಚೀಲಗಳ ಪಕ್ಕದಲ್ಲಿ ಅದಕ್ಕೊಂದು ಮೇಜು ಹಾಕಿದ್ದೆವು. ಸಿ.ಡಿ. ಮಾತ್ರ ಕಳ್ಳಮಾಲು. (ಈಗ ಮಕ್ಕಳಿಗೆ ಕಾಪಿ ಹೊಡೆಯಬೇಡಿರೋ ಎಂದು ದಿನಾ ಉಪದೇಶ ಮಾಡುತ್ತೇನೆ.) ಅದರಲ್ಲಿ ಬರುತ್ತಿದ್ದ ಅಕ್ಷರ ಯಾವ ದೇಶದ್ದೋ ದೇವರಿಗೇ ಗೊತ್ತು. ಎಂ.ಎಸ್ಸಿ. ಆದ ನಾನೂ ಏಳನೆಯ ಇಯತ್ತೆ ಕಲಿತ ವೈನಿಯೂ ಅದರ ಮುಂದೆ ಸಮಾಸಮ.

ದೆವ್ವದ ಆಟವನ್ನು ರಾತ್ರಿ ಆಡಬೇಕಂತೆ. ನಮ್ಮೂರಲ್ಲಿ ರಾತ್ರಿ ಕರೆಂಟು ಎಲ್ಲಿತ್ತು? ನಾವು ಮಧ್ಯಾಹ್ನ ಊಟವಾದ ಮೇಲೆ ಹೆದರುತ್ತಿದ್ದೆವು.

ಆಟ ಇಷ್ಟೇ. ಮಂಜು ಕವಿದ ಒಂದು ಹಳ್ಳಿ, ಜನ ಇಲ್ಲ. ಒಬ್ಬ ಮನುಷ್ಯ ತನ್ನ ತಂಗಿಯನ್ನು ಹುಡುಕಿಕೊಂಡು ಬರುತ್ತಾನೆ. ಕೈಯಲ್ಲಿ ಒಂದು ಕಂದೀಲು, ಎಂಟು ಗುಂಡು. ಊರಿನಲ್ಲಿ ಏನೋ ಒಂದು ಓಡಾಡುತ್ತದೆ. ಅದರ ಮುಖ ಕಾಣುವುದಿಲ್ಲ, ಕಾಲ ಸಪ್ಪಳ ಮಾತ್ರ ಕೇಳುತ್ತದೆ. ಅಲ್ಲಿಯವರೆಗೆ ಆಡಿದ್ದನ್ನು ಸೇವ್ ಮಾಡಬೇಕೆಂದರೆ ಊರ ಬಾವಿಯ ತನಕ ಜೀವ ಕೈಯಲ್ಲಿ ಹಿಡಿದುಕೊಂಡು ಹೋಗಬೇಕು. ಒಂದೊಂದು ಬಾಗಿಲು ತೆರೆಯಲು ನಮ್ಮ ಕಂಪ್ಯೂಟರ್ ಅರ್ಧ ನಿಮಿಷ ತಡವರಿಸುತ್ತಿತ್ತು. ಆ ಅರ್ಧ ನಿಮಿಷ ವೈನಿ ನನ್ನ ತೋಳು ಹಿಂಡುತ್ತಿದ್ದರು. ಗೇಮ್ ಮಾಡಿದವರಿಗೆ ಗೊತ್ತಿಲ್ಲ, ನಮ್ಮ ಅರ್ಧ ಹೆದರಿಕೆ ಆ ದರಿದ್ರ ಕಂಪ್ಯೂಟರಿನ ಕೊಡುಗೆ.

ನಕ್ಷೆ ಇರಲಿಲ್ಲ. ಮೂರು ದಿನ ಒಂದೇ ಓಣಿಯಲ್ಲಿ ಸುತ್ತಿ ಸುತ್ತಿ ಸತ್ತೆವು. ನಾಲ್ಕನೆಯ ದಿನ ವೈನಿ ಒಳಗೆ ಹೋಗಿ ಆ ನೋಟಿಸನ್ನೇ ತಂದರು. ಅದರ ಹಿಂಬದಿ ಖಾಲಿ ಇತ್ತಲ್ಲ, ಅಲ್ಲಿ ಪೆನ್ಸಿಲಿನಿಂದ ನಕ್ಷೆ ಬರೆಯಲು ಶುರು ಮಾಡಿದರು. ಪರದೇಶದ ಆ ಹಳ್ಳಿಗೆ ನಮ್ಮೂರಿನ ಹೆಸರುಗಳನ್ನೇ ಇಟ್ಟರು.

"ಅಗಸಿ ದಾಟಿದಿಲ್ಲ? ಈಗ ಗೌಡರ ವಾಡೇದ ಕಡೆ ಹೊಳ್ಳು. ಬೀರಪ್ಪನ ಗುಡಿ ಸನೇಕ ನಿಂದರಬ್ಯಾಡೋ ತಮ್ಮಾ, ಅಲ್ಲೇ ಕುಂತಿರತೈತಿ ಅದು!"

ಹೊಲದಿಂದ ಬಂದ ಅಣ್ಣ ನಮ್ಮಿಬ್ಬರನ್ನೂ ನೋಡಿ ತಲೆಯ ಮೇಲಿನ ಟಾವೆಲ್ ಝಾಡಿಸುತ್ತಿದ್ದ. "ಇರೂ ಊರು ಮುಳಗಾಕತ್ತೈತಿ. ಇವರು ಇರಲಾರದ ಊರಾಗ ಅಡ್ಡಾಡಾಕತ್ತಾರ," ಎನ್ನುತ್ತಿದ್ದ.

ಆಮೇಲೆ ನಿಜವಾಗಿಯೂ ಊರು ಖಾಲಿಯಾಗತೊಡಗಿತು. ಮುಳುಗುವ ಮನೆ ಬಿಡುವಾಗ ನಮ್ಮವರು ಮೊದಲು ಬಾಗಿಲು ಕೀಳುತ್ತಾರೆ. ಬಾಗಿಲು, ಚೌಕಟ್ಟು, ಕಿಟಕಿ, ತೊಲೆ. ಗೋಡೆಯನ್ನು ಹೊತ್ತೊಯ್ಯಲಾಗುವುದಿಲ್ಲ, ಸಾಗುವಾನಿಯನ್ನು ನೀರಿಗೆ ಬಿಡಲು ಮನಸ್ಸಾಗುವುದಿಲ್ಲ. ಹದಿನೈದು ದಿನದಲ್ಲಿ ಓಣಿಯ ತುಂಬ ಬಾಗಿಲಿಲ್ಲದ ಮನೆಗಳು ನಿಂತವು. ನಾಯಿಗಳು ಯಾವ ಮನೆ ಯಾರದೆಂದು ತಿಳಿಯದೆ ಒಂದರೊಳಗಿಂದ ಇನ್ನೊಂದಕ್ಕೆ ತಿರುಗುತ್ತಿದ್ದವು.

ಅಂಥದೇ ಒಂದು ಮಧ್ಯಾಹ್ನ ವೈನಿ ಸ್ಕ್ರೀನ್ ನೋಡುತ್ತ ಅಂದರು: "ಈ ಊರಾಗ ಬಾಗಲಾ ಹಂಗ ಅದಾವಲ್ಲೋ. ಮಂದಿ ತಿರಿಗಿ ಬರ್ತಾರ ಬಿಡು. ಇದಕ್ಕೇನ ಅಂಜೂದು?"

ಅಷ್ಟೇ. ಆಟ ಅಲ್ಲಿಗೆ ನಿಂತಿತು. ಮುಂದಿನ ವಾರ ನಮ್ಮ ಬಾಗಿಲೂ ಕಿತ್ತೆವು. ಆ ಮನುಷ್ಯನಿಗೆ ತಂಗಿ ಸಿಕ್ಕಳೋ ಇಲ್ಲವೋ, ನನಗೆ ಇವತ್ತಿಗೂ ಗೊತ್ತಿಲ್ಲ.

ಈಗ ಎರಡನೆಯ ಭಾಗಕ್ಕೆ ಬರೋಣ. ದುಡ್ಡು ಕೊಟ್ಟು ತಂದದ್ದು, ಅಕ್ಷರಗಳೂ ಇಂಗ್ಲಿಷಿನವು. ಅನುಕೂಲಕ್ಕೆ ಕೊರತೆಯಿಲ್ಲ.

ಗ್ರಾಫಿಕ್ಸ್? ಹುಲ್ಲಿನ ಒಂದೊಂದು ಎಸಳೂ ಬೇರೆ ಬೇರೆ ಕಾಣುತ್ತದೆ. ಗುಂಡು? ಸಂತೆಯಲ್ಲಿ ಶೇಂಗಾ ಸುರಿದ ಹಾಗೆ, ಹೆಜ್ಜೆಗೊಂದು ಪೆಟ್ಟಿಗೆ. ಬಾವಿಗೆ ಹೋಗುವ ಕಷ್ಟವೂ ಇಲ್ಲ, ಪ್ರತಿ ಹೆಜ್ಜೆ ತಾನೇ ಸೇವ್ ಆಗುತ್ತದೆ. (ತಪ್ಪಾಯಿತು, ಹಿಂದಕ್ಕೆ ಹೋಗಿ ತಿದ್ದಿಕೊಳ್ಳುತ್ತೇನೆ ಎಂದರೆ ಮಾತ್ರ ಬಿಡುವುದಿಲ್ಲ. ತಪ್ಪೂ ಸೇವ್ ಆಗಿರುತ್ತದೆ.) ಮೊದಲ ಭಾಗದಲ್ಲಿ ಬರೇ ಸಪ್ಪಳವಾಗಿದ್ದ ಆ ವಸ್ತುವಿಗೆ ಈಗ ಮುಖ ಬಂದಿದೆ, ಹೆಸರು ಬಂದಿದೆ, ಬಾಲ್ಯದಲ್ಲಿ ಅದಕ್ಕಾದ ದುಃಖದ ಕತೆಯೂ ಬಂದಿದೆ. ದೆವ್ವ ಬಯೋಡಾಟಾ ಹಿಡಿದುಕೊಂಡು ಬಂದರೆ ಯಾರು ಹೆದರುತ್ತಾರೆ?

ಇವೆಲ್ಲವನ್ನೂ ಕ್ಷಮಿಸಬಹುದಿತ್ತು. ಕ್ಷಮಿಸಲಾಗದ್ದು ಆ ಬಾಣ. ನೆಲದ ಮೇಲೆ ಹಳದಿ ಬಣ್ಣದ ಬಾಣವೊಂದು ಮುಂದೆ ಮುಂದೆ ಓಡುತ್ತದೆ. ಇಲ್ಲಿ ತಿರುಗು, ಇಲ್ಲಿ ಬಗ್ಗು, ಇದನ್ನು ಎತ್ತಿಕೋ. ಹೇಳಿದಷ್ಟು ಮಾಡಿದರೆ ಸಾಕು, ಪಾರಾಗುತ್ತೀರಿ.

ವೈನಿ ಶುರುವಿನಲ್ಲೇ ಪೆನ್ಸಿಲ್ ಕೇಳಿದ್ದರು. ಮಗಳ ಕಂಪಾಸ್ ಪೆಟ್ಟಿಗೆಯಿಂದ ಒಂದು ತಂದುಕೊಟ್ಟಿದ್ದೆ, ಹಳೆಯ ಪ್ರಶ್ನೆಪತ್ರಿಕೆಯೊಂದರ ಜೊತೆ. ಅವರು ಒಂದು ಗೆರೆ ಎಳೆದರು. ಬಾಣ ಆಗಲೇ ಮುಂದಿನ ಓಣಿಗೆ ಹೋಗಿತ್ತು. ಇನ್ನೊಂದು ಗೆರೆ ಎಳೆದರು. ಬಾಣ ಊರನ್ನೇ ದಾಟಿತ್ತು.

"ಎಲ್ಲಾ ಅದ ಹೇಳಾಕತ್ತೈತಲ್ಲೋ. ಇದರಾಗ ನನಗೇನ ಕೆಲಸೈತಿ?" ಎಂದು ಪೆನ್ಸಿಲ್ ಕೆಳಗಿಟ್ಟರು.

ನನಗೆ ಕೆಟ್ಟೆನಿಸಿತು. ಕೆಟ್ಟೆನಿಸಿದರೂ ಆಡುತ್ತಲೇ ಇದ್ದೆ. ನಿಲ್ಲಿಸಿದರೆ ಮಾತಾಡಬೇಕಾಗುತ್ತಿತ್ತು.

ಯಾಕೆಂದರೆ ನಮ್ಮೂರಿನದೂ ಎರಡನೆಯ ಭಾಗ ಶುರುವಾಗಿದೆ. ಅಣೆಕಟ್ಟಿನ ಎತ್ತರ ಇನ್ನೂ ಏರುತ್ತದೆ, ಈ ಸಲ ಮಡ್ಡಿಗೂ ನೀರು ಎನ್ನುತ್ತಾರೆ. ಹೋದ ಸಲ ಸರಕಾರ ದೂರದ ಪುನರ್ವಸತಿ ಸೆಂಟರಿನಲ್ಲಿ ಕೊಟ್ಟ ಪ್ಲಾಟಿಗೆ ಹೋಗಲೊಪ್ಪದೆ ಮಡ್ಡಿಯ ಮೇಲೇ ಮನೆ ಕಟ್ಟಿಕೊಂಡವರು ನಮ್ಮ ಅಣ್ಣ, ವೈನಿ ಮತ್ತು ಇನ್ನಷ್ಟು ಜನ. ಕಿತ್ತು ತಂದ ಬಾಗಿಲುಗಳನ್ನೇ ಹೊಸ ಗೋಡೆಗೆ ಕೂಡಿಸಿದ್ದರು. ಆ ಬಾಗಿಲುಗಳ ಪಕ್ಕದಲ್ಲಿ ಈಗ ಕೆಂಪು ಬಣ್ಣದ ನಂಬರು ಬಿದ್ದಿದೆ.

"ಹೋದ ಸಲ ಸಾಹೇಬ ಜೀಪಿನ್ಯಾಗ ಬಂದಾಗ ನಾವು ಹೆಣಮಕ್ಕಳೆಲ್ಲಾ ಅಡ್ಡ ನಿಂತಿದ್ವಿ, ನೆನಪೈತಿ?" ವೈನಿ ಸ್ಕ್ರೀನಿನಿಂದ ಕಣ್ಣು ತೆಗೆಯದೆ ಕೇಳಿದರು. "ಅಂಜಿದ್ವಿ. ಅಂಜಿದ್ದಕ್ಕ ಜಗಳಾ ತಗದ್ವಿ. ಈ ಸಲ ಯಾರೋ ಒಬ್ಬಾಂವ ಮಿಷನ್ ಹಿಡಕೊಂಡು ಬಂದ, ಗ್ವಾಡಿ ಮ್ಯಾಲ ನಂಬರ್ ಬರದ, ಹ್ವಾದ. ಮಂದಿ ಅಂವಗ ನೀರು ಕೊಟ್ಟು ಕಳಸಿದ್ರು. ಯಾರೂ ಅಂಜವಲ್ರು ಈಗ. ಎಲ್ಲಾರಿಗೂ ರೂಢಿ ಆಗೇತಿ."

ವಾರವಾರ ಪತ್ರಿಕೆಗೆ ಬರೆಯುವ ನನ್ನಂಥ ಅಂಕಣಕಾರನಿಗೆ ಇದಕ್ಕಿಂತ ಒಳ್ಳೆಯ ವಾಕ್ಯ ಬೇಕೆ? ನಾನು ಮನಸ್ಸಿನಲ್ಲೇ ಬರೆದುಕೊಂಡೆ. (ಎಂಥ ನಾಲಾಯಕ್ ಮನುಷ್ಯ ನಾನು, ನೋಡಿ.)

ನಂತರ ಅವರು ಬಂದ ಕಾರಣ ಹೇಳಿದರು. ಹೋದ ಸಲ ಒಬ್ಬೊಬ್ಬರೇ ಹೋಗಿ ಸಹಿ ಹಾಕಿದ್ದರು. ಸಹಿ ಹಾಕಿದ ಸಾಲಿನಲ್ಲಿ ಪ್ಲಾಟು ಬಂದವು. ಓಣಿಯ ಒಂದು ಮನೆ ಸೆಂಟರಿನ ಈ ತುದಿಗೆ, ಪಕ್ಕದ ಮನೆ ಆ ತುದಿಗೆ. ಬಾಣಂತಿಗೆ ಖಾರ ಕುಟ್ಟಿಕೊಡಲು ಆಟೋ ಮಾಡಿಕೊಂಡು ಹೋಗುವ ಹಾಗಾಯಿತು. ಈ ಸಲ ಹಾಗಾಗಬಾರದು, ಮಡ್ಡಿಯ ಅಷ್ಟೂ ಮನೆಗಳನ್ನು ಒಂದೇ ಕಡೆ, ಈಗಿರುವ ಸಾಲಿನಲ್ಲೇ ಕೂಡಿಸಬೇಕು, ಅದನ್ನು ಬರೆದುಕೊಡುವ ತನಕ ಒಬ್ಬರೂ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಬಾರದು ಎಂದು ತೀರ್ಮಾನವಾಗಿದೆ. ಬರೇ ತೀರ್ಮಾನವಲ್ಲ. ಅಮಾವಾಸ್ಯೆಯ ದಿನ ಬೀರಪ್ಪನ ಮುಂದೆ ಮನೆಗೊಬ್ಬರು ಭಂಡಾರ ಮುಟ್ಟಿ ಆಣೆ ಮಾಡಿದ್ದಾರೆ.

ಭಂಡಾರ ಎಂದರೆ ಅರಿಷಿಣದ ಪುಡಿಯೇ. ಆದರೆ ನಮ್ಮ ಜನ ಸ್ಟಾಂಪ್ ಪೇಪರಿನ ಮೇಲೆ ಸುಳ್ಳು ಬರೆದಾರು, ಭಂಡಾರ ಮುಟ್ಟಿ ಸುಳ್ಳು ಹೇಳುವುದಿಲ್ಲ.

"ನೀ ಊರಾಗಿಲ್ಲಲ್ಲ," ಎಂದರು ವೈನಿ, "ನಮ್ಮ ಮೈದುನನ ಸಲುವಾಗೂ ನಾನ ಮುಟ್ಟತೀನಿ ಅಂದ್ನಿ. ಎರಡ ಸಲ ಮುಟ್ಟೀನಿ."

ನಾನು ಸ್ಕ್ರೀನಿನ ಮೇಲೆ ಯಾವುದೋ ದೆವ್ವಕ್ಕೆ ಗುಂಡು ಹೊಡೆದೆ. ಅದು ಸತ್ತಿತು. ಇನ್ನೊಂದಕ್ಕೆ ಹೊಡೆದೆ. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ನನ್ನ ಹೆಂಡತಿ ನನ್ನನ್ನು ಒಮ್ಮೆ ನೋಡಿ, "ಅಕ್ಕಾರ, ಊಟಕ್ಕ ಏಳ್ರಿ," ಎಂದಳು. ಅವಳ ದನಿ ಸರಿಯಿರಲಿಲ್ಲ. ಅವಳಿಗೆ ಗೊತ್ತಿತ್ತು.

ನಿಮಗೂ ಹೇಳಿಬಿಡುತ್ತೇನೆ. ಅಮಾವಾಸ್ಯೆಯ ಮರುದಿನ, ಸೋಮವಾರ, ನಾನು ಸಹಿ ಹಾಕಿ ಬಂದಿದ್ದೆ.

ಭಂಡಾರದ ಸುದ್ದಿ ನನಗೆ ಗೊತ್ತಿರಲಿಲ್ಲ, ಖರೆ. ನಾನಾಗಿ ವಿಚಾರಿಸಿಯೂ ಇರಲಿಲ್ಲ. ಭೂಸ್ವಾಧೀನ ಕಚೇರಿಯಿಂದ ಫೋನ್ ಬಂತು, ಹನ್ನೊಂದಕ್ಕೆ ನನ್ನ ಪೀರಿಯಡ್ ಇತ್ತು, ಹತ್ತಕ್ಕೆ ಹೋದೆ. ಸಹಿ ಎಲ್ಲೆಲ್ಲಿ ಬೇಕೋ ಅಲ್ಲೆಲ್ಲ ಪೆನ್ಸಿಲಿನಲ್ಲಿ ಸಣ್ಣ ಗುರುತು ಮಾಡಿಟ್ಟಿದ್ದರು. ಗುರುತು ಇದ್ದಲ್ಲಿ ಸಹಿ ಹಾಕುತ್ತ ಹೋದೆ. ಒಂದು ಸಾಲೂ ಓದಲಿಲ್ಲ. "ವೈನಿಯವರನ್ನ ಒಂದ ಮಾತು ಕೇಳಬೇಕಿತ್ತು," ಎಂದು ಬಾಯಿಗೆ ಬಂದದ್ದನ್ನು ಆಡಲಿಲ್ಲ. ಪೀರಿಯಡ್ ತಪ್ಪುತ್ತಿತ್ತಲ್ಲ! ಅಂದು ತರಗತಿಯಲ್ಲಿ ಘರ್ಷಣೆಯ ಪಾಠ ಬಹಳ ಚೆನ್ನಾಗಿ ಮಾಡಿದೆ ಎಂದು ಮಕ್ಕಳು ಹೇಳಿದರು.

ಊಟವಾಯಿತು. ಮತ್ತೆ ಆಟ ಹಚ್ಚಿದೆ. ವೈನಿ ಮತ್ತೆ ಕೂತರು. ಸಂಜೆ ಐದರ ಹೊತ್ತಿಗೆ ಆಟ ಮುಗಿದೇ ಹೋಯಿತು. ಕೊನೆಯಲ್ಲಿ ಎಲ್ಲರೂ ಬದುಕುತ್ತಾರೆ, ಅಪ್ಪಿಕೊಳ್ಳುತ್ತಾರೆ, ಸೂರ್ಯ ಹುಟ್ಟುತ್ತಾನೆ. ನಾಲ್ಕು ತಾಸಿನಲ್ಲಿ ವೈನಿ ಒಂದು ಸಲವೂ ನನ್ನ ತೋಳು ಹಿಡಿದಿರಲಿಲ್ಲ.

ಬಸ್ ಸ್ಟ್ಯಾಂಡಿಗೆ ಬಿಡಲು ಹೋದೆ. ಬೀಳಗಿ ಬಸ್ಸು ನಿಂತಿತ್ತು. ವೈನಿ ಕಿಟಕಿ ಪಕ್ಕದ ಸೀಟು ಹಿಡಿದು, ಸೆರಗು ಸರಿಮಾಡಿಕೊಂಡು, ಯಾವ ಸಿಟ್ಟೂ ಇಲ್ಲದ ದನಿಯಲ್ಲಿ ಅಂದರು:

"ನೀ ಸೋಮಾರ ಸಹಿ ಹಾಕಿದ್ದು ನನಗ ಬುಧವಾರನ ಗೊತ್ತಾತಪಾ. ಕಚೇರಿ ಗ್ವಾಡಿಗಿ ಯಾದಿ ಹಚ್ಚ್ಯಾರ, ಅದರಾಗ ನಿಂದ ಮೊದಲನೇ ಹೆಸರು. ನಿನ್ನ ಬಾಯಿಂದ ಬರತೈತೇನೋ ಅಂತ ಕುಂತಿದ್ನಿ. ನಾಕ ತಾಸ ಕುಂತಿದ್ನಿ."

ನಾನು ಕಿಟಕಿಯ ಸರಳು ಹಿಡಿದು ನಿಂತಿದ್ದೆ.

"ಬೀರಪ್ಪಗ ನಾ ಏನರ ಹೇಳಿ ಕೈ ಮುಗೀತೀನಿ. ಅಂವ ತಿಳಕೊಂತಾನ. ಮಂದಿಗಿ ಏನ ಹೇಳ್ಲಿ? ಎರಡ ಸಲ ಮುಟ್ಟೀನಲ್ಲೋ ತಮ್ಮಾ, ಎಲ್ಲಾರ ಮುಂದ."

ಬಸ್ಸು ಹೋಯಿತು. ಮೂರು ದಿನವಾಯಿತು, ವೈನಿ ಫೋನ್ ಎತ್ತುತ್ತಿಲ್ಲ. ನಿನ್ನೆ ಊರಿನವರೊಬ್ಬರು ಹೇಳಿದರು, ನನ್ನ ಹೆಸರು ನೋಡಿದ ಮೇಲೆ ಇನ್ನೂ ಆರು ಮಂದಿ ಹೋಗಿ ಸಹಿ ಹಾಕಿದರಂತೆ. "ಕಲತಾಂವ ಹಾಕ್ಯಾನಂದ್ರ ನಮದೇನ ಬಿಡ್ರಿ," ಅಂದರಂತೆ.

ಎಷ್ಟೋ ವಾರ ಇದೇ ಜಾಗದಲ್ಲಿ ಕೂತು ಸರಕಾರಕ್ಕೆ ಬೈದಿದ್ದೇನೆ, ನೀವೂ ಓದಿ ತಲೆದೂಗಿದ್ದೀರಿ. ನೀರು ತಂದದ್ದು ಸರಕಾರ, ಒಪ್ಪುತ್ತೇನೆ. ಆದರೆ ಮನೆಯವರನ್ನು ಒಂದು ಮಾತೂ ಕೇಳದೆ ಸಹಿ ಹಾಕುವುದನ್ನು ನನಗೆ ಯಾವ ಇಲಾಖೆ ಕಲಿಸಿತು?