ನರ್ಸಮ್ಮನ ಹಳದಿ ಹೆಲ್ಮೆಟ್ಟು

ಎಂಬತ್ತರ ದಶಕದ ಮೊದಲ ವರ್ಷಗಳಲ್ಲಿ ಯಲಹಂಕದಿಂದ ಅಟ್ಟೂರು, ಸಿಂಗಾಪುರದ ಕಡೆಗೆ ಸೈಕಲ್ ತುಳಿದುಕೊಂಡು ಹೋಗುತ್ತಿದ್ದ ಸರ್ಕಾರಿ ದಾದಿ ಮುನಿಯಲ್ಲಮ್ಮ. ಹೆರಿಗೆ ಮಾಡಿಸುವುದು, ಬಾಣಂತಿಯರನ್ನು ವಿಚಾರಿಸುವುದು, ಮಕ್ಕಳಿಗೆ ಲಸಿಕೆ ಹಾಕುವುದು ಅವಳ ಕೆಲಸ. ಬಸ್ಸು ದೊಡ್ಡ ರಸ್ತೆಯಲ್ಲೇ ಹೋಗಿಬಿಡುತ್ತಿತ್ತು, ಊರುಗಳಿಗೆ ಬರುತ್ತಿರಲಿಲ್ಲ. ಅಲ್ಲಿಂದಾಚೆಗೆ ದ್ರಾಕ್ಷಿ ತೋಟಗಳ ಬೇಲಿ ಹಿಡಿದು ಹೋಗುವ ಮಣ್ಣುದಾರಿ. ಸೆರಗನ್ನು ಸೊಂಟಕ್ಕೆ ಬಿಗಿದು, ಔಷಧಿ ಚೀಲವನ್ನು ಕ್ಯಾರಿಯರಿಗೆ ಕಟ್ಟಿ ಅವಳು ಹೊರಟರೆ ಹೊಲದಲ್ಲಿದ್ದವರು ತಲೆಯೆತ್ತಿ, "ಯಾರ ಮನೆಗೆ ನರ್ಸಮ್ಮಾ?" ಎಂದು ಕೂಗಿ ಕೇಳುತ್ತಿದ್ದರು.

ಒಂದು ಮಳೆಗಾಲದ ಬೆಳಿಗ್ಗೆ ಅಟ್ಟೂರಿನ ಇಳಿಜಾರಿನಲ್ಲಿ ಎಮ್ಮೆಯೊಂದು ಬೇಲಿ ನುಗ್ಗಿ ಅಡ್ಡ ಬಂತು. ಬ್ರೇಕು ಹಿಡಿದದ್ದೇ ತಡ, ಕೆಸರಿನಲ್ಲಿ ಚಕ್ರ ಜಾರಿ ಅವಳ ತಲೆ ಹೋಗಿ ಮೈಲಿಗಲ್ಲಿಗೆ ಬಡಿಯಿತು. ಎಚ್ಚರವಾದಾಗ ಪಟ್ಟಣದ ದೊಡ್ಡಾಸ್ಪತ್ರೆಯಲ್ಲಿದ್ದಳು. ಕೂದಲು ಬೋಳಿಸಿದ್ದರು. ಪುಡಿಯಾಗಿದ್ದ ಮೂಳೆಯ ಚೂರುಗಳನ್ನು ಡಾಕ್ಟರ್ ಶೇಷಗಿರಿ ತೆಗೆದುಹಾಕಿದ್ದರು. ಎಡಗಿವಿಯ ಮೇಲೆ, ಹೆಬ್ಬೆರಳು ಊರುವಷ್ಟು ಜಾಗದಲ್ಲಿ, ಈಗ ಮೂಳೆಯೇ ಇರಲಿಲ್ಲ. ಚರ್ಮದ ಕೆಳಗೆ ಮೆತ್ತಗೆ ಮಿಡಿಯುತ್ತಿತ್ತು. ಎಷ್ಟೋ ಹಸುಗೂಸುಗಳ ನೆತ್ತಿಯನ್ನು ಮುಟ್ಟಿ ನೋಡಿದ್ದವಳು ತನ್ನ ತಲೆಯಲ್ಲೇ ಅಂಥದ್ದು ಸಿಕ್ಕಿದಾಗ ಸರಕ್ಕನೆ ಕೈ ತೆಗೆದಳು.

"ಮಾತು ಸರಿಯಾಗಿದೆ, ಕೈಕಾಲು ಸರಿಯಾಗಿದೆ. ನೀವು ಗೆದ್ರಿ ಅಂತ್ಲೇ ಲೆಕ್ಕ" ಎಂದರು ಡಾಕ್ಟರು. "ಆದ್ರೆ ಆ ಜಾಗಕ್ಕೆ ಇನ್ನೊಂದು ಪೆಟ್ಟು ಬೀಳ್ಬಾರ್ದು ಕಣಮ್ಮ. ಏನೂ ಒತ್ತಲೂಬಾರ್ದು."

ಕೂದಲು ಬೆಳೆಯಿತು, ಗಾಯ ಮುಚ್ಚಿತು, ಅವಳು ಕೆಲಸಕ್ಕೂ ಮರಳಿದಳು. ಆದರೆ ಸೈಕಲ್ ಹತ್ತಲಾಗಲಿಲ್ಲ. ಹ್ಯಾಂಡಲ್ ಹಿಡಿದು, ತಳ್ಳಿಕೊಂಡೇ ಊರೂರು ನಡೆದಳು. ಮನೆಯಲ್ಲೂ ಅಷ್ಟೆ. ಬಾಗಿಲು ದಾಟುವಾಗ ಕೈ ತಾನಾಗಿ ಎಡಗಿವಿಯ ಮೇಲೆ ಹೋಗುತ್ತಿತ್ತು. ಗಂಡ ಹನುಮಯ್ಯ ಹಗ್ಗದ ಮೇಲಿನ ಪಂಚೆಗೆ ಕೈ ಚಾಚಿದರೂ ಬೆಚ್ಚಿ ಹಿಂದೆ ಸರಿಯುತ್ತಿದ್ದಳು. ಒಂದು ದಿನ ಅವಳು ನಡೆದು ಸಿಂಗಾಪುರ ಮುಟ್ಟುವ ಹೊತ್ತಿಗೆ ಹೆರಿಗೆಯೇ ಆಗಿಹೋಗಿತ್ತು. ತಾಯಿ, ಮಗು ಇಬ್ಬರೂ ಚೆನ್ನಾಗಿದ್ದರು. ಯಾರೂ ಒಂದು ಮಾತನ್ನೂ ಅನ್ನಲಿಲ್ಲ. ಅವಳಿಗೆ ಮಾತ್ರ ಆ ದಿನ ಅನ್ನ ಇಳಿಯಲಿಲ್ಲ.

ಹನುಮಯ್ಯ ಯಲಹಂಕ ಜಂಕ್ಷನ್ನಿನಲ್ಲಿ ರೈಲ್ವೆ ಕೆಲಸದವನು. "ಕುಂತ್ಕಂಡು ಮಾಡೋ ಕೆಲಸ ಕೊಡಿ ಅಂತ ಕೇಳು. ಇಂಗೇ ಎಷ್ಟು ದಿನ ತಳ್ಕಂಡು ಓಡಾಡ್ತೀಯ?" ಎಂದ.

"ಸ್ಕೂಟರ್‌ನೋರು ಹಾಕ್ಕಂತಾರಲ್ಲ, ಹೆಲ್ಮೆಟ್ಟು. ಅಂಥದ್ದೊಂದು ಕೊಡ್ಸಿ."

"ಸೈಕಲ್ಲಿಗಾ?"

"ತಲೆಗೆ" ಎಂದಳು ಮುನಿಯಲ್ಲಮ್ಮ.

ಭಾನುವಾರ ಇಬ್ಬರೂ ರೈಲಿನಲ್ಲಿ ಯಶವಂತಪುರಕ್ಕೆ ಹೋದರು. ಅಲ್ಲಿ ಮುಜಫ್ಫರ್ ಎಂಬವನ ಅಂಗಡಿಯಲ್ಲಿ ಸ್ಕೂಟರಿನ ಬಿಡಿಭಾಗಗಳ ಜೊತೆಗೆ ಕಾರ್ಖಾನೆಯವರಿಗೆ ಬೇಕಾದ ಬೂಟು, ಕೈಗವಸುಗಳೂ ಸಿಗುತ್ತಿದ್ದವು. ಹನುಮಯ್ಯನ ಕಣ್ಣು ನೇರ ಮೇಲಿನ ಸಾಲಿಗೆ ಹೋಯಿತು. ಮುಖವನ್ನೆಲ್ಲ ಮುಚ್ಚುವ, ಕಪ್ಪು ಗಾಜಿನ ಭಾರಿ ಹೆಲ್ಮೆಟ್ಟು. "ಇದೇ ಗಟ್ಟಿ" ಎಂದ. ಅವಳ ತುರುಬಿಗೆ ತಡೆದು ಅದು ಅರ್ಧದಲ್ಲೇ ನಿಂತಿತು. ಅಂಗಡಿಯಲ್ಲೇ ತುರುಬು ಬಿಚ್ಚಿ ಜಡೆ ಹೆಣೆದುಕೊಂಡು ಮತ್ತೆ ಹಾಕಿದಳು. ಈಗ ಇಳಿಯಿತು, ಆದರೆ ಕಿವಿ ಎರಡೂ ಮುಚ್ಚಿಹೋದವು. ಹನುಮಯ್ಯನ ಬಾಯಿ ಆಡುತ್ತಿತ್ತು, ಮಾತು ಕೇಳಿಸುತ್ತಿರಲಿಲ್ಲ. ಹಿಂದಿನಿಂದ ಲಾರಿ ಬಂದರೆ ಗೊತ್ತಾಗುವುದು ಹೇಗೆ? ಅದಕ್ಕಿಂತ ಹೆಚ್ಚಾಗಿ, ಒಳಗಿನ ಮೆತ್ತೆ ಸರಿಯಾಗಿ ಆ ಜಾಗವನ್ನೇ ಒತ್ತುತ್ತಿತ್ತು. ಬೆವತು ತೆಗೆದುಬಿಟ್ಟಳು.

ಮುಜಫ್ಫರ್ ಇನ್ನೊಂದನ್ನು ತೆಗೆದುಕೊಟ್ಟ. ಸೈಕಲ್ ರೇಸಿನವರು ಹಾಕುವ ಚರ್ಮದ ಪಟ್ಟಿಗಳದು. "ಹಗುರ ಇದೆ ಅಕ್ಕ, ಗಾಳಿನೂ ಆಡ್ತದೆ."

ಅವಳು ಅದನ್ನು ಹಾಕಿಕೊಂಡು, ಪಟ್ಟಿಗಳ ನಡುವಿನ ಸಂದಿನಲ್ಲಿ ಬೆರಳು ತೂರಿಸಿ ನೋಡಿದಳು. ಬೆರಳು ನೆಟ್ಟಗೆ ಬುರುಡೆಗೆ ತಾಕಿತು. "ಬೇಡಪ್ಪ, ಕಲ್ಲೇನು ಸಂದಿ ಬಿಟ್ಟು ಬಡಿಯಾಕಿಲ್ಲ" ಎಂದಳು.

ಸಾಕು, ಹೋಗೋಣ ಎಂದುಕೊಂಡಾಗ ಮೂಲೆಯಲ್ಲಿ ರಾಶಿ ಬಿದ್ದಿದ್ದ ಹಳದಿ ಪ್ಲಾಸ್ಟಿಕ್ಕಿನ ಹೆಲ್ಮೆಟ್ಟುಗಳು ಕಂಡವು. ಕಟ್ಟಡ ಕಟ್ಟುವ ಕಡೆ ಹಾಕುವಂಥವು. ಒಂದನ್ನು ಮಗುಚಿ ನೋಡಿದಳು. ಒಳಗೆ ಪಟ್ಟಿಗಳದೊಂದು ಜೋಲಿ. ತಲೆ ಕೂರುವುದು ಆ ಜೋಲಿಯಲ್ಲಿ. ಮೇಲಿನ ಚಿಪ್ಪು ತಲೆಯನ್ನು ಮುಟ್ಟುವುದೇ ಇಲ್ಲ. ಒಂದು ಪಟ್ಟಿ ಮಾತ್ರ ಎಡಗಿವಿಯ ಮೇಲೆ ಹಾಯುತ್ತಿತ್ತು. ಅದನ್ನು ಬಿಚ್ಚಿ ಪಕ್ಕದ ಕೊಂಡಿಗೆ ಸಿಕ್ಕಿಸಿದಳು. ಹಾಕಿಕೊಂಡು, ಅಂಚಿನಿಂದ ಬೆರಳು ತೂರಿಸಿ ಮುಟ್ಟಿದಳು. ಆ ಮೆತ್ತನೆಯ ಜಾಗಕ್ಕೆ ಹೆಲ್ಮೆಟ್ಟಿನ ಯಾವ ಭಾಗವೂ ತಾಕುತ್ತಿರಲಿಲ್ಲ. ಬರೀ ಗಾಳಿ.

"ಒಂದ್ಸಲ ಬಡೀರಿ" ಎಂದಳು ಗಂಡನಿಗೆ.

"ಏನಂದೆ?"

"ಬಡೀರಿ ಅಂದೆ. ಇಲ್ಲೇ ನೋಡ್ಬೇಕು, ದಾರೀಲಲ್ಲ."

ಹನುಮಯ್ಯ ಮುಜಫ್ಫರನ ಮುಖ ನೋಡಿದ. ಗಂಡ ಕೈ ಎತ್ತಿದಾಗ ಮುನಿಯಲ್ಲಮ್ಮ ಕಣ್ಣು ಮುಚ್ಚಿಕೊಂಡಳು. ಬೆರಳಿನ ಗೆಣ್ಣು ಬಡಿದು ಟಕ್ ಎಂದು ಒಂದು ಸದ್ದು ಬಂತು, ಅಷ್ಟೆ. ನೋವಿಲ್ಲ, ತಲೆ ಸುತ್ತಲಿಲ್ಲ. "ಇನ್ನೂ ಜೋರಾಗಿ" ಎಂದಳು. ಅವನು ಮತ್ತೆ ಬಡಿದ. ಅವಳು ಕಣ್ಣು ತೆರೆದಾಗ ನೀರು ತುಂಬಿತ್ತು. "ನೋವಾಯ್ತಾ?" ಎಂದು ಗಾಬರಿಯಾದ ಗಂಡನಿಗೆ ಇಲ್ಲವೆಂದು ತಲೆಯಾಡಿಸಿದಳು. ಆಡಿಸಿದ ರಭಸಕ್ಕೆ ಹೆಲ್ಮೆಟ್ಟು ಜಾರಿ ಕೆಳಗೆ ಬಿತ್ತು. ಮೂವರೂ ನಕ್ಕರು. ಮುಜಫ್ಫರ್ ಸ್ಕೂಟರ್ ಹೆಲ್ಮೆಟ್ಟಿನ ಗಲ್ಲದ ಪಟ್ಟಿಯೊಂದನ್ನು ಅದಕ್ಕೆ ಭದ್ರವಾಗಿ ಹೊಲಿದುಕೊಟ್ಟ.

ತೊಡುವ ಮುಂಚೆ ಡಾಕ್ಟರ್ ಶೇಷಗಿರಿಯವರಿಗೆ ತೋರಿಸಿದಳು. ಅವರು ಸುತ್ತಲೂ ಬೆರಳಾಡಿಸಿ, ಪಟ್ಟಿ ಎಳೆದು ನೋಡಿ, "ಪರವಾಗಿಲ್ಲ, ಏನೂ ಒತ್ತಲ್ಲ. ಬರೀ ತಲೆಗಿಂತ ಎಷ್ಟೋ ವಾಸಿ. ಹಾಗಂತ ಪಕ್ಕದಿಂದ ಜೋರಾಗಿ ಬಿದ್ರೆ ಪೂರ್ತಿ ಕಾಪಾಡುತ್ತೆ ಅನ್ಕೋಬೇಡಿ. ನಿಧಾನವಾಗಿ ಹೋಗಿ" ಎಂದರು.

"ನಿಧಾನವಾಗೇ ಹೋಗ್ತೀನಿ ಸಾರ್. ಹೋದ್ರೆ ಸಾಕು ನಂಗೆ."

ಆ ವಾರವೇ ಸಿಂಗಾಪುರದ ದೊಡ್ಡಮುನಿಯಮ್ಮನ ಸೊಸೆಗೆ ನೋವು ಶುರುವಾಗಿದೆಯೆಂದು ಸುದ್ದಿ ಬಂತು. ಮುನಿಯಲ್ಲಮ್ಮ ಜಡೆ ಬಿಗಿದು, ಗಲ್ಲದ ಪಟ್ಟಿ ಹಾಕಿ ಸೈಕಲ್ ಹತ್ತಿದಳು. ಮೊದಮೊದಲು ಹ್ಯಾಂಡಲ್ ನಡುಗಿತು. ದ್ರಾಕ್ಷಿ ತೋಟ ದಾಟುವಷ್ಟರಲ್ಲಿ ತನ್ನ ಉಸಿರು ಸರಾಗವಾಗಿರುವುದು ಅವಳಿಗೇ ತಿಳಿಯಿತು. ಅಂಗಳದಲ್ಲಿ ನಿಂತಿದ್ದ ದೊಡ್ಡಮುನಿಯಮ್ಮ ಹಣೆಗೆ ಕೈ ಅಡ್ಡ ಹಿಡಿದು, "ಯಾರಪ್ಪಾ ನೀನು, ಕರೆಂಟಿನವನಾ?" ಎಂದು ಕೇಳಿದಳು.

"ನಾನು ಕಣವ್ವ, ನರ್ಸಮ್ಮ."

"ಅಯ್ಯೋ ಸಿವನೆ! ಏನವ್ವಾ ಇದು ನಿನ್ನ ಯೇಸ!"

ಒಳಗೆ ನೋವಿನ ನಡುವೆಯೂ ಸೊಸೆ ಕಿಸಕ್ಕನೆ ನಕ್ಕಿದ್ದು ಹೊರಗೆ ಕೇಳಿಸಿತು. ಹೆರಿಗೆಗೆ ಇನ್ನೂ ಹೊತ್ತಿತ್ತು. ಮುನಿಯಲ್ಲಮ್ಮನಿಗೂ ನಗು ತಡೆಯಲಾಗಲಿಲ್ಲ. ಹೆಲ್ಮೆಟ್ಟನ್ನು ಜಗಲಿಯ ಮೇಲಿಟ್ಟು, ಕೈ ತೊಳೆಯಲು ಬಿಸಿನೀರು ಕೇಳುತ್ತಾ ಒಳಗೆ ಹೋದಳು.