ಮೇಷ್ಟ್ರು ಊದದ ದಾನ್ಸೋನ್

ಮತಾನ್ಸಾಸ್ ಊರಿನಲ್ಲಿ ಎಲಾದಿಯೊ ಪೆದ್ರೋಸೊ ಎಂದರೆ ಯಾರಿಗೂ ತಿಳಿಯುವುದಿಲ್ಲ. ಟ್ರಾಂಬೋನ್ ಮೇಷ್ಟ್ರು ಎಂದರೆ ಮೀನು ಮಾರುವವನೂ ಮನೆ ತೋರಿಸುತ್ತಾನೆ. ಹರೆಯದಲ್ಲಿ ವಾದ್ಯಮೇಳ ಕಟ್ಟಿ, ಹಾಡುಗಾರರ ಹಂಗಿಲ್ಲದೆ ಊರನ್ನೆಲ್ಲ ದಾನ್ಸೋನ್ ಎಂಬ ಜೋಡಿ ಕುಣಿತ ಕುಣಿಸಿದವರು. ಆ ಕಾಲದಲ್ಲಿ ಮಾಡಿದ ಒಂದೇ ಒಂದು ರೆಕಾರ್ಡ್ ಎಲ್ಲಿ ಹೋಯಿತೋ ಅವರಿಗೇ ಗೊತ್ತಿರಲಿಲ್ಲ. ಈಗ ಸ್ಪೇನಿನವರು ಯಾರೋ ಅದನ್ನು ಹುಡುಕಿ, ಕರಕರ ಸದ್ದೆಲ್ಲ ತೊಳೆದು ಮತ್ತೆ ಹೊರತಂದು, ಒಂದು ಪ್ರತಿ ಕಳಿಸಿದ್ದರು. ಮುದುಕ ಮುದುಕಿಯರ ಕುಣಿತದ ಸಂಘಕ್ಕೆ ಹಬ್ಬವೇ ಆಯಿತು. ಭಾನುವಾರ ಮಧ್ಯಾಹ್ನ ಅದನ್ನು ಹಾಕಿ ಕುಣಿಯುತ್ತೇವೆ, ಮೇಷ್ಟ್ರು ಬರಲೇಬೇಕು ಎಂದರು.

"ಬರೋದೇನು, ರೆಕಾರ್ಡಿನ ಜೊತೆ ನಾನೇ ಊದ್ತೀನಿ" ಎಂದುಬಿಟ್ಟರು ಮೇಷ್ಟ್ರು.

ಊದುವುದೆಲ್ಲಿಂದ ಬಂತು? ಮುಂದಿನ ಹಲ್ಲುಗಳೆಲ್ಲ ಹೋಗಿದ್ದವು. ಕಟ್ಟಿಸಿಕೊಂಡ ಹಲ್ಲು ಊದಿದರೆ ಕಳಚಿ ಬರುತ್ತಿತ್ತು. ಆದರೆ ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂ ಬೇಕೆನ್ನುವ ಜಾಯಮಾನ ಅವರದು. ಗುಟ್ಟನ್ನು ಮೇಳದ ಹಳೆಯ ಗೆಳೆಯ ನಿಕಾಸಿಯೊಗೆ ಮಾತ್ರ ಹೇಳಿದರು.

"ರೆಕಾರ್ಡಲ್ಲಿ ನನ್ನ ಟ್ರಾಂಬೋನ್ ಇದ್ದೇ ಇದೆಯಲ್ಲ. ನಾನು ಸುಮ್ನೆ ಕೈ ಆಡಿಸ್ತೀನಿ. ಯಾರಿಗೆ ತಿಳಿಯುತ್ತೆ?"

"ಕರೆಂಟ್ ಹೋದ್ರೆ?"

"ಭಾನುವಾರ ನಮ್ಮ ಬೀದಿ ಸರದಿ ಅಲ್ಲ ಕಣೋ. ವಿಚಾರಿಸಿದೀನಿ."

"ಈ ಊರಲ್ಲಿ ಕರೆಂಟಿನವರ ಮಾತು ನಂಬೋನು ನೀನೊಬ್ನೇ" ಎಂದು ನಿಕಾಸಿಯೊ ನಕ್ಕ.

ಭಾನುವಾರ ಮೇಷ್ಟ್ರು ಇಸ್ತ್ರಿ ಹಾಕಿದ ಬಿಳಿ ಅಂಗಿ ತೊಟ್ಟು ಸಂಘದ ವೇದಿಕೆ ಏರಿದರು. ಕೆನ್ನೆ ಉಬ್ಬಿಸಿ, ಕಣ್ಣು ಮುಚ್ಚಿ, ಟ್ರಾಂಬೋನಿನ ಉದ್ದ ಕೊಳವೆಯನ್ನು ಹಿಂದೆ ಮುಂದೆ ಎಳೆದರು. ಜೋಡಿಗಳು ಕುಣಿದವು. ಹೊಗಳಿಕೆ ಆಗಲೇ ಕಿವಿಗೆ ಬೀಳುತ್ತಿರುವ ಹಾಗೆ ಮೇಷ್ಟ್ರಿಗೆ ಸುಖವಾಗುತ್ತಿತ್ತು. ಅಷ್ಟರಲ್ಲಿ ರೆಕಾರ್ಡಿನ ದನಿ ಎಮ್ಮೆ ನರಳಿದ ಹಾಗೆ ಕೆಳಗಿಳಿದು ನಿಂತಿತು. ಕರೆಂಟ್ ಹೋಗಿತ್ತು. ಸುಖದಲ್ಲಿದ್ದ ಮೇಷ್ಟ್ರ ಕೈ ಮಾತ್ರ ಇನ್ನೂ ಎಳೆಯುತ್ತಲೇ ಇತ್ತು. ಟ್ರಾಂಬೋನಿನಿಂದ ಒಂದು ಪಿಸುದನಿಯೂ ಇಲ್ಲ.

ಕಣ್ಣು ಬಿಟ್ಟರು. ಕಿಟಕಿಗಳಿಂದ ಬಿಸಿಲು ಧಾರಾಳವಾಗಿ ಬರುತ್ತಿತ್ತು, ಎಲ್ಲರ ಮುಖವೂ ಕಾಣುತ್ತಿತ್ತು. ದಾನ್ಸೋನಿನಲ್ಲಿ ಮೊದಲ ರಾಗ ಮರಳಿ ಬಂದಾಗಲೆಲ್ಲ ಜೋಡಿಗಳು ಕುಣಿತ ನಿಲ್ಲಿಸಿ, ಮೇಳದ ಕಡೆ ತಿರುಗಿ, ಬೀಸಣಿಗೆ ಬೀಸಿಕೊಳ್ಳುತ್ತಾ ದಣಿವಾರಿಸಿಕೊಳ್ಳುವುದು ವಾಡಿಕೆ. ಈಗಲೂ ಅವರು ಹಾಗೆಯೇ ನಿಂತರು, ಇದೂ ಆ ವಿರಾಮವೇ ಎಂಬಂತೆ. ಒಬ್ಬರೂ ನಗಲಿಲ್ಲ. ಉಗಿದಿದ್ದರೆ ಒರೆಸಿಕೊಳ್ಳಬಹುದಿತ್ತು, ಈ ಮರ್ಯಾದೆಯನ್ನು ಏನು ಮಾಡುವುದು? ಮೇಷ್ಟ್ರಿಗೆ ಕಿವಿಯವರೆಗೂ ಉರಿ ಹತ್ತಿತು.

"ನಂಗೆ ಹಲ್ಲಿಲ್ಲ" ಎಂದರು ಕೊನೆಗೆ. "ನಾನು ಊದ್ತಾ ಇರ್ಲಿಲ್ಲ."

ಪಕ್ಕದ ಮನೆಯ ಸೆರಾಫಿನಾ ಬೀಸಣಿಗೆ ಮಡಚಿದಳು. "ಗೊತ್ತು ಮೇಷ್ಟ್ರೇ. ದಿನಾ ಬ್ರೆಡ್ಡನ್ನ ಕಾಫೀಲಿ ನೆನೆಸಿ ನೆನೆಸಿ ತಿನ್ನೋದು ನಮ್ಮ ಕಿಟಕಿಯಿಂದ ಕಾಣಲ್ವಾ? ಇಲ್ಲಿ ಎಲ್ರಿಗೂ ಗೊತ್ತು."

"ಶುರುವಿನಿಂದ್ಲೂ?"

"ಶುರುವಿನಿಂದ್ಲೂ. ಬಂದು ಕೂತ್ಕೊಳ್ಳಿ ಅಂತ ತಾನೇ ನಾವು ಕರೆದದ್ದು? ಅಲ್ನೋಡಿ, ಕುರ್ಚೀನೂ ಹಾಕಿದ್ವಿ."

ಗೋಡೆಯ ಪಕ್ಕ, ಎಲ್ಲರಿಗೂ ಕಾಣುವ ಜಾಗದಲ್ಲಿ, ಮೆತ್ತೆ ಹಾಕಿದ ಕುರ್ಚಿಯೊಂದು ಖಾಲಿ ಇತ್ತು. ವೇದಿಕೆ ಏರುವ ಆತುರದಲ್ಲಿ ಮೇಷ್ಟ್ರು ಅದನ್ನು ನೋಡಿಯೇ ಇರಲಿಲ್ಲ. ಇಳಿದು ಹೋಗಿ ಕೂರೋಣವೆಂದು ವೇದಿಕೆಯ ಅಂಚಿನವರೆಗೆ ಬಂದರು.

ಆಗ ಕರೆಂಟ್ ಬಂತು. ರೆಕಾರ್ಡ್ ನಿಂತಲ್ಲಿಂದಲೇ ಗೊಗ್ಗರು ದನಿಯಲ್ಲಿ ತಿರುಗಿ ಚೇತರಿಸಿಕೊಂಡಿತು, ಟ್ರಾಂಬೋನಿನ ದನಿ ತುಂಬಿ ಬಂತು. ಜೋಡಿಗಳು ಮತ್ತೆ ಕೈ ಹಿಡಿದುಕೊಂಡವು. ಮೇಷ್ಟ್ರ ಕೆನ್ನೆ ತಾನಾಗಿಯೇ ಉಬ್ಬಿತು, ಬಲಗೈ ಕೊಳವೆ ಎಳೆಯಿತು. ಅರವತ್ತು ವರ್ಷದ ಅಭ್ಯಾಸ, ಅವರನ್ನೇನೂ ಕೇಳಲಿಲ್ಲ.

ಸೆರಾಫಿನಾ ಜೊತೆಗಾರನ ಹೆಗಲ ಮೇಲಿಂದ ಅದನ್ನು ನೋಡಿದಳು. ನೋಡಿ, ಅವನನ್ನು ಮೆಲ್ಲಗೆ ತಿರುಗಿಸಿಕೊಂಡು, ಏನೂ ಕಾಣದವಳ ಹಾಗೆ ವೇದಿಕೆಗೆ ಬೆನ್ನು ಮಾಡಿದಳು.